ಚೀಟಿ ಪೂರ್ತಿ ಓದಿ ಮಾತ್ರೆ ಕೊಡುವ ಅಂಗಡಿ

ಮೈಸೂರಿನ ಒಂಟಿಕೊಪ್ಪಲಿನ ಈ ಪುಟ್ಟ ಮೆಡಿಕಲ್ ಶಾಪ್‌ಗೆ ಐದಕ್ಕೆ ಐದು ಸ್ಟಾರ್.

ಅಪ್ಪನಿಗೆ ಎರಡು ವರ್ಷದ ಹಿಂದೆ ಕಿಡ್ನಿ ಕಸಿ ಆಗಿದೆ. ಹೊಸ ಕಿಡ್ನಿ ಉಳಿಯಬೇಕಾದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ದಿನಾ ನುಂಗಲೇಬೇಕು. ಈ ಸಲ ಜ್ವರ, ಕೆಮ್ಮು ಬಿಡಲೇ ಇಲ್ಲ. ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ ಎಲ್ಲ ಆದ ಮೇಲೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಫಂಗಸ್ ಇದೆ ಅಂತ ಗೊತ್ತಾಯಿತು. ಧೂಳು, ಕೊಳೆತ ಎಲೆ, ಎಲ್ಲ ಕಡೆ ಇರುವಂಥದ್ದೇ. ನಾವೂ ದಿನಾ ಉಸಿರಲ್ಲಿ ಎಳೆದುಕೊಳ್ಳುತ್ತೇವೆ, ನಮಗೇನೂ ಆಗಲ್ಲ. ಅಪ್ಪನಂಥವರನ್ನು ಅದು ಸುಮ್ನೆ ಬಿಡಲ್ಲ.

ಡಾಕ್ಟರ್ ಬರೆದದ್ದು ವೊರಿಕೊನಜೋಲ್ 200 ಮಿಲಿಗ್ರಾಂ. ಮೊದಲು ಹೋದ ಬೇರೊಂದು ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ, "ಇದೂ ಫಂಗಸ್‌ಗೇ ಸರ್" ಅಂತ ಫ್ಲುಕೊನಜೋಲ್ ಸ್ಟ್ರಿಪ್ ಮುಂದಿಟ್ಟರು. ಕೇಳೋಕೆ ಒಂದೇ ಥರ ಇದೆ, ಅಲ್ವಾ? ಏನೋ ಅನುಮಾನ ಬಂದು ಇಲ್ಲಿಗೆ ಬಂದೆ. "ಆಸ್ಪರ್ಜಿಲಸ್‌ಗೆ ಅದು ಕೆಲಸವೇ ಮಾಡಲ್ಲ, ಯಾರೇ ಕೊಟ್ಟರೂ ತಗೋಬೇಡಿ" ಅಂದರು ಇಲ್ಲಿನ ಮೇಡಂ.

ಆಮೇಲೆ ಚೀಟಿ ಪೂರ್ತಿ ಓದಿದರು. ಟ್ಯಾಕ್ರೋಲಿಮಸ್ ಸಾಲಿಗೆ ಬಂದಾಗ ಅವರ ಬೆರಳು ಅಲ್ಲೇ ನಿಂತಿತು. "ಇದರ ಡೋಸ್ ಮೂರನೇ ಒಂದು ಭಾಗಕ್ಕೆ ಇಳಿಸಿದ್ದಾರೆ, ಮನೇಲಿ ಗೊತ್ತಾ ಸರ್?" ಗೊತ್ತಿರಲಿಲ್ಲ! ಅಮ್ಮ ಹಳೇ ಲೆಕ್ಕದಲ್ಲೇ ವಾರದ ಮಾತ್ರೆ ಡಬ್ಬಿ ತುಂಬಿಟ್ಟಿದ್ದರು. ಹಳೇ ಡೋಸ್ ಜೊತೆ ವೊರಿಕೊನಜೋಲ್ ಸೇರಿದರೆ ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರಿ, ಕಷ್ಟಪಟ್ಟು ಉಳಿಸಿಕೊಂಡ ಕಿಡ್ನಿಗೇ ಪೆಟ್ಟು ಬೀಳುತ್ತದಂತೆ. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

ವೊರಿಕೊನಜೋಲ್ ಕವರ್ ಮೇಲೆ ಕನ್ನಡದಲ್ಲೇ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು: ಬೆಳಿಗ್ಗೆ 7, ರಾತ್ರಿ 7, ಊಟ ತಿಂಡಿಗೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ಆದ ಮೇಲೆ. ಕಣ್ಣು ಸ್ವಲ್ಪ ಮಂಜಾಗಬಹುದು, ರಾತ್ರಿ ಸ್ಕೂಟರ್ ಬೇಡ, ಬಿಸಿಲಿಗೆ ಹೋಗುವಾಗ ಮೈ ಮುಚ್ಚಿಕೊಳ್ಳಲಿ ಅಂತಲೂ ಹೇಳಿದರು. ಅಪ್ಪನಿಗೆ ಮೂರನೇ ದಿನ ಟ್ಯೂಬ್‌ಲೈಟ್ ಜಾಸ್ತಿ ಹೊಳೆದಂತೆ ಕಂಡಾಗ ನಾವು ಗಾಬರಿಯಾಗಲಿಲ್ಲ, ಡಾಕ್ಟರ್‌ಗೆ ಒಂದು ಮಾತು ತಿಳಿಸಿದೆವು ಅಷ್ಟೇ.

ಡಿಸ್ಕೌಂಟ್ ಜಾಸ್ತಿ ಇಲ್ಲ. ಮಾತ್ರೆ ದುಬಾರಿ, ಅದೂ ತಿಂಗಳುಗಟ್ಟಲೆ ಬೇಕು, ಹಾಗಾಗಿ ಕೈ ಕಚ್ಚುತ್ತದೆ. ಆದರೂ ನಾನು ಬೇರೆ ಕಡೆ ಹೋಗಲ್ಲ. ಇಂಥ ಮಾತ್ರೆಗೆ ಒಂದು ದಿನ ಮೊದಲೇ ಹೇಳಿಡಿ, ತರಿಸಿಕೊಡುತ್ತಾರೆ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತಾರೆ.