ಹಸಿರು ಚುಕ್ಕೆ ಸಾಲದು: ಬೆಂಗಳೂರಲ್ಲಿ ಹಾಲಿಲ್ಲದ ಐಸ್‌ಕ್ರೀಮ್

ಬೆಂಗಳೂರಿನ ಐಸ್‌ಕ್ರೀಮ್ ಅಂಗಡಿಯಲ್ಲಿ ನಿಂತು "ವೀಗನ್ ಇದೆಯಾ?" ಎಂದು ಕೇಳಿದರೆ ಬಹಳ ಕಡೆ ಬರುವ ಉತ್ತರ ಒಂದೇ: "ಎಲ್ಲಾ ಪ್ಯೂರ್ ವೆಜ್ಜೇ ಸರ್, ಮೊಟ್ಟೆ ಹಾಕಲ್ಲ." ಕೌಂಟರಿನ ಹುಡುಗ ಸುಳ್ಳು ಹೇಳುತ್ತಿಲ್ಲ. ವೀಗನ್ ಎಂದರೆ ಹಾಲು, ಜೇನು ಸೇರಿ ಪ್ರಾಣಿ, ಕೀಟಗಳಿಂದ ಬರುವ ಏನೂ ಇಲ್ಲದ್ದು; ನಮ್ಮ ಸಸ್ಯಾಹಾರದ ಲೆಕ್ಕದಲ್ಲಿ ಹಾಲು ಎಂದೂ ಹೊರಗಿನದಲ್ಲ. ಹಾಗಾಗಿ ಕೇಳುವ ಪ್ರಶ್ನೆಯನ್ನೇ ಬಿಡಿಸಿ ಕೇಳಬೇಕು: ಹಾಲು, ಹಾಲಿನ ಪುಡಿ, ಕೆನೆ, ಬೆಣ್ಣೆ, ಖೋವಾ, ಜೇನುತುಪ್ಪ, ಇವುಗಳಲ್ಲಿ ಯಾವುದಾದರೂ ಇದೆಯಾ? ಇಷ್ಟು ಹೆಸರು ಹೇಳಿದ ಮೇಲೆ "ಒಳಗೆ ಕೇಳಿ ಬರ್ತೀನಿ" ಎನ್ನುವ ಅಂಗಡಿಯನ್ನು ನಂಬಬಹುದು. ಯೋಚಿಸದೆ "ಇಲ್ಲ ಇಲ್ಲ" ಎನ್ನುವವನನ್ನು ಅಷ್ಟಾಗಿ ನಂಬಲಾಗದು.

ಡಬ್ಬಿಯಲ್ಲಿ ಬರುವ ಸರಕಿಗೆ ಗುರುತು ಬೇರೆ. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಹಾಲಿನ ಪೇಡಾದ ಮೇಲೂ ಇರುತ್ತದೆ, ಅದರಿಂದ ಉಪಯೋಗವಿಲ್ಲ. ನೋಡಬೇಕಾದ್ದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ವೀಗನ್ ಚಿಹ್ನೆ: ಹಸಿರು ಚೌಕದೊಳಗೆ ವಿ ಅಕ್ಷರ, ಅದರ ತುದಿಗೆ ಪುಟ್ಟ ಎಲೆ. ವೀಗನ್ ಆಹಾರಗಳ ನಿಯಮ ಬಂದದ್ದು 2022ರಲ್ಲಿ. ಚಿಹ್ನೆ ಕಾಣದಿದ್ದರೆ ಪದಾರ್ಥಗಳ ಪಟ್ಟಿಯ ಕೆಳಗಿನ ಅಲರ್ಜಿಯ ಸಾಲಿಗೆ ಹೋಗಿ. ಹಾಲು ಇದ್ದರೆ ಅಲ್ಲಿ ಹೇಳಲೇಬೇಕು. ಇಪ್ಪತ್ತು ಪದಾರ್ಥಗಳ ಸಣ್ಣ ಅಕ್ಷರ ಓದುವುದಕ್ಕಿಂತ ಈ ಒಂದು ಸಾಲು ಬೇಗ ಕೆಲಸ ಮುಗಿಸುತ್ತದೆ. ಹಾಲಿನ ಅಂಶ "ಇರಬಹುದು" ಎಂದು ಬರೆದಿದ್ದರೆ, ಅದೇ ಯಂತ್ರದಲ್ಲೋ ಅದೇ ಕಾರ್ಖಾನೆಯಲ್ಲೋ ಹಾಲಿನದ್ದನ್ನೂ ಮಾಡುತ್ತಾರೆ ಎಂದು ಅರ್ಥ. ತತ್ವಕ್ಕಾಗಿ ಹಾಲು ಬಿಟ್ಟವರಲ್ಲಿ ಅನೇಕರು ಅದನ್ನು ಒಪ್ಪುತ್ತಾರೆ; ಹಾಲಿನ ಅಲರ್ಜಿ ಇರುವವರು ಮುಟ್ಟಲೇಬಾರದು.

ಜನ ಅತಿ ಹೆಚ್ಚು ಏಮಾರುವುದು "ಫ್ರೋಜನ್ ಡೆಸರ್ಟ್" ಎಂಬ ಹೆಸರಿನಲ್ಲಿ. 2017ರಲ್ಲಿ ಅಮೂಲ್ ಜಾಹೀರಾತಿನ ಜಗಳ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದಾಗಿನಿಂದ "ಅದು ಹಾಲಿನದ್ದಲ್ಲ, ಎಣ್ಣೆಯದ್ದು" ಎಂಬ ಮಾತು ಊರೆಲ್ಲ ಓಡಾಡಿದೆ. ಅರ್ಧ ಮಾತ್ರ ನಿಜ. ಅಲ್ಲಿ ಹಾಲಿನ ಕೊಬ್ಬಿನ ಜಾಗಕ್ಕೆ ತಾಳೆ ಅಥವಾ ಬೇರೆ ಸಸ್ಯದ ಎಣ್ಣೆ ಬಂದಿರುತ್ತದೆ. ಹಾಲಿನ ಪುಡಿ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಇತ್ತ ನಿಜವಾದ ವೀಗನ್ ಡಬ್ಬಿಯ ಮೇಲೂ ಇದೇ ಹೆಸರು ಕಾಣುತ್ತದೆ, ಯಾಕೆಂದರೆ ನಮ್ಮ ಕಾನೂನಿನಲ್ಲಿ ಬರೀ "ಐಸ್‌ಕ್ರೀಮ್" ಎಂದರೆ ಕನಿಷ್ಠ 10 ಶೇಕಡಾ ಹಾಲಿನ ಕೊಬ್ಬು ಇರಬೇಕು. ಒಂದೇ ಹೆಸರು, ಎರಡು ವಸ್ತು. ಲ್ಯಾಕ್ಟೋಸ್ ಫ್ರೀ, ಶುಗರ್ ಫ್ರೀ, ಹೈ ಪ್ರೋಟೀನ್, ಇವಕ್ಕೂ ವೀಗನ್ ಎಂಬ ಅರ್ಥವಿಲ್ಲ. ಮೊದಲನೆಯದು ಸಾಮಾನ್ಯವಾಗಿ ಹಾಲೇ; ಮೂರನೆಯದರಲ್ಲಿ ಪ್ರೋಟೀನ್ ಎಂದರೆ ಬಹುತೇಕ ವೇ, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದದ್ದು. ಎಳನೀರು ಐಸ್‌ಕ್ರೀಮ್ ಎಂಬ ಹೆಸರು ನೋಡಿ ಕೊಳ್ಳುವವರೂ ಇದ್ದಾರೆ. ಮೂಲ್ಕಿಯ ರಘುನಂದನ ಕಾಮತರು 1984ರಲ್ಲಿ ಮುಂಬೈಯ ಜುಹುವಿನಲ್ಲಿ ಶುರು ಮಾಡಿದ ನ್ಯಾಚುರಲ್ಸ್‌ನ ಹೆಸರಾಂತ ಎಳನೀರು ಐಸ್‌ಕ್ರೀಮಿನಲ್ಲೂ ಗಂಜಿಯ ಜೊತೆ ಹಾಲು ಇದ್ದೇ ಇದೆ. ರುಚಿಯ ಬಗ್ಗೆ ತಕರಾರಿಲ್ಲ, ಆದರೆ ಈ ಪಟ್ಟಿಗೆ ಅದು ಸೇರುವುದಿಲ್ಲ.

ಈಗ ಸರಕಿನ ವಿಚಾರ. ವೀಗನ್ ಡಬ್ಬಿ ಹೇಗಿರುತ್ತದೆ ಎನ್ನುವುದನ್ನು ಬ್ರ್ಯಾಂಡಿಗಿಂತ ಹೆಚ್ಚಾಗಿ ಅದರ ಬೇಸ್, ಅಂದರೆ ಹಾಲಿನ ಬದಲಿಗೆ ಬಳಸಿದ ಮೂಲ ಪದಾರ್ಥ, ತೀರ್ಮಾನಿಸುತ್ತದೆ. ಬೇಸ್ ಗೊತ್ತಾದರೆ ಕೊಳ್ಳುವ ಮುಂಚೆಯೇ ರುಚಿ ಊಹಿಸಬಹುದು.

ತೆಂಗಿನ ಹಾಲಿನ ಬೇಸ್‌ನಲ್ಲಿ ಕೊಬ್ಬು ಧಾರಾಳ, ಹಾಗಾಗಿ ನುಣುಪು ಸಿಗುತ್ತದೆ. ತೊಂದರೆ ಇರುವುದು ಆ ಕೊಬ್ಬಿನ ಸ್ವಭಾವದಲ್ಲೇ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ಗಟ್ಟಿಯಾಗುತ್ತದಲ್ಲ, ಅದೇ ಗುಣ: ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಫ್ರೀಜರಿನಿಂದ ತೆಗೆದ ಕೂಡಲೇ ಚಮಚ ಇಳಿಯದು, ತಿಂದ ಮೇಲೆ ಬಾಯಿಯ ಅಂಗುಳಕ್ಕೆ ಮೇಣ ಹಚ್ಚಿದಂತಾಗುವುದೂ ಉಂಟು. ಹತ್ತು ನಿಮಿಷ ಹೊರಗಿಟ್ಟು ತಿಂದರೆ ಎರಡೂ ಕಡಿಮೆಯಾಗುತ್ತವೆ. ತೆಂಗಿನ ವಾಸನೆಯನ್ನು ಮುಚ್ಚಿಡಲು ಆಗುವುದಿಲ್ಲ, ಆದ್ದರಿಂದ ತೆಂಗಿಗೆ ಹೊಂದುವ ರುಚಿಯನ್ನೇ ಆರಿಸಿ: ಮಾವು, ಹಲಸು, ಬೆಲ್ಲ, ಏಲಕ್ಕಿ, ಕಪ್ಪು ಚಾಕೊಲೇಟ್, ಗಟ್ಟಿ ಡಿಕಾಕ್ಷನ್ನಿನ ಕಾಫಿ. ತೆಂಗಿನ ಬೇಸ್‌ನ ಸ್ಟ್ರಾಬೆರಿಗೆ ತಲೆಗೆ ಹಚ್ಚುವ ಎಣ್ಣೆಯ ನೆನಪು ಬಂದರೆ ತಪ್ಪು ನಿಮ್ಮ ಮೂಗಿನದಲ್ಲ.

ಗೋಡಂಬಿ ಬೇಸ್ ಇದ್ದುದರಲ್ಲಿ ಉತ್ತಮ, ಬೆಲೆಯೂ ಹಾಗೇ. ತನ್ನದೇ ರುಚಿ ಮೆತ್ತಗಿರುವುದರಿಂದ ಪಿಸ್ತಾ, ಕೇಸರಿ, ಗುಲ್ಕನ್ ಎಲ್ಲಕ್ಕೂ ಜಾಗ ಬಿಟ್ಟುಕೊಡುತ್ತದೆ. ಬಾದಾಮಿ ಹಾಲಿನದ್ದರಲ್ಲಿ ಒಂದು ಎಚ್ಚರ ಬೇಕು: ಪ್ಯಾಕೆಟ್ಟಿನ ಬಾದಾಮಿ ಹಾಲು ಬಹುಪಾಲು ನೀರು. ಬೇರೆ ಕೊಬ್ಬು ಸೇರಿಸದಿದ್ದರೆ ಬಾಯಲ್ಲಿ ಕರಕರ ಎನ್ನುವ ಮಂಜಿನ ಹರಳು ಖಚಿತ. ಪಟ್ಟಿಯಲ್ಲಿ ಬಾದಾಮಿಯ ಶೇಕಡಾ ಎಷ್ಟು, ಅದರ ಹಿಂದೆ ಯಾವ ಎಣ್ಣೆ ಇದೆ ಎಂದು ನೋಡಿ. ಸೋಯಾದಲ್ಲಿ ಹಸಿ ಕಾಳಿನ ವಾಸನೆ ಉಳಿಯುತ್ತದೆ, ಚಾಕೊಲೇಟ್ ಒಂದೇ ಅದನ್ನು ಅಡಗಿಸಬಲ್ಲದು. ಓಟ್ಸ್‌ನದ್ದು ಸಿಹಿ ಜಾಸ್ತಿ. ಹಾಲು ತೆಗೆಯುವಾಗ ಅದರ ಪಿಷ್ಟವೇ ಒಡೆದು ಸಕ್ಕರೆಯಾಗುತ್ತದೆ. ಮಾಲ್ಟ್ ಇಷ್ಟಪಡುವವರಿಗೆ ಅಡ್ಡಿಯಿಲ್ಲ.

ಯಾವ ಬೇಸ್ ಆದರೂ ವೆನಿಲ್ಲಾ ಕೊಳ್ಳಬೇಡಿ. ವೆನಿಲ್ಲಾದಲ್ಲಿ ನಮ್ಮ ನಾಲಿಗೆ ಹುಡುಕುವುದೇ ಹಾಲಿನ ರುಚಿಯನ್ನು; ಅದಿಲ್ಲದ ವೆನಿಲ್ಲಾ ಸಕ್ಕರೆ ನೀರಿಗೆ ಎಸೆನ್ಸ್ ಹಾಕಿದಂತೆ. ಬಟರ್‌ಸ್ಕಾಚ್ ಕೂಡ ಅಷ್ಟೇ, ಮೇಲಾಗಿ ಅದರ ಕರಂ ಕುರುಂ ಚೂರಿನಲ್ಲಿ ನಿಜವಾದ ಬೆಣ್ಣೆ ಇರುವ ಸಾಧ್ಯತೆ ಇದೆ.

ಬೆಲೆಯನ್ನು ಹೋಲಿಸುವಾಗ ಮಿಲಿಲೀಟರ್ ಬಿಟ್ಟು ಗ್ರಾಂ ನೋಡಿ. ಐಸ್‌ಕ್ರೀಮಿಗೆ ಗಾಳಿ ತುಂಬುವುದನ್ನು ಈ ಉದ್ಯಮದಲ್ಲಿ ಓವರ್‌ರನ್ ಎನ್ನುತ್ತಾರೆ. ನಿಯಮದ ಕನಿಷ್ಠ ತೂಕ ಲೀಟರಿಗೆ 525 ಗ್ರಾಂ, ಅಂದರೆ ಅರ್ಧ ಲೀಟರ್ ಡಬ್ಬಿಯಲ್ಲಿ 263 ಗ್ರಾಂ ಇದ್ದರೂ ಕಾನೂನು ಒಪ್ಪುತ್ತದೆ. ಸಣ್ಣ ತಯಾರಕರ ಡಬ್ಬಿ 400 ಗ್ರಾಂ ತೂಗಿದರೆ, ಮೇಲ್ನೋಟಕ್ಕೆ ದುಬಾರಿಯಾದರೂ ನೀವು ಗಾಳಿಗೆ ದುಡ್ಡು ಕೊಡುತ್ತಿಲ್ಲ. ದೆಹಲಿ ಕಡೆಯ ವೈಟ್ ಕಬ್ ಈ ಸಾಲಿನ ಹಳೆಯ ಹೆಸರುಗಳಲ್ಲಿ ಒಂದು. ಇಂಥ ಡಬ್ಬಿಗಳು ಬೀದಿ ಮೂಲೆಯ ಅಂಗಡಿಯ ಫ್ರೀಜರಿಗಿಂತ ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್‌ನಂಥ ಆ್ಯಪ್‌ಗಳಲ್ಲಿ ಬೇಗ ಸಿಗುತ್ತವೆ. ಪಿನ್‌ಕೋಡ್ ಬದಲಾದರೆ ದಾಸ್ತಾನೂ ಬದಲು. ಇಂದಿರಾನಗರದಲ್ಲಿ ಕಂಡದ್ದು ಕೆಂಗೇರಿಯಲ್ಲಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಮನೆಗೆ ಬಂದ ಡಬ್ಬಿಯನ್ನು ಹುಡುಗ ಹೊರಡುವ ಮುಂಚೆ ತೆರೆದು ನೋಡಿ. ಮುಚ್ಚಳದ ಒಳಗೆ ಹಿಮದ ಮುಳ್ಳುಗಳಿದ್ದರೆ, ಐಸ್‌ಕ್ರೀಮ್ ಅಂಚು ಬಿಟ್ಟು ಕುಗ್ಗಿದ್ದರೆ, ಹೊರಗೆ ಅಂಟು ಒಣಗಿದ್ದರೆ ಅದು ದಾರಿಯಲ್ಲೋ ಗೋದಾಮಿನಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ. ಕರಗಿದಾಗ ಸಣ್ಣ ಹರಳು ನೀರಾಗುತ್ತದೆ. ಮತ್ತೆ ಗಟ್ಟಿಯಾಗುವಾಗ ಆ ನೀರು ದೊಡ್ಡ ಹರಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಫ್ರೀಜರಿನಲ್ಲಿ ಎಷ್ಟು ದಿನ ಇಟ್ಟರೂ ಆ ನುಣುಪು ಹಿಂದೆ ಬರುವುದಿಲ್ಲ. ಫೋಟೋ ತೆಗೆದು ವಾಪಸ್ ಕೊಡಿ.

ಡಬ್ಬಿಗಿಂತ ಈ ಊರಿನಲ್ಲಿ ಹೆಚ್ಚು ಖುಷಿ ಕೊಡುವುದು ಸೋರ್ಬೆ: ಹಣ್ಣು, ನೀರು, ಸಕ್ಕರೆ. ಇಂದಿರಾನಗರ, ಕೋರಮಂಗಲ, ಜಯನಗರದ ಕಡೆಯ ಜೆಲಾಟೊ (ಇಟಲಿ ಶೈಲಿಯ ಐಸ್‌ಕ್ರೀಮ್) ಅಂಗಡಿಗಳಲ್ಲಿ ಇಂಥದ್ದು ಒಂದೆರಡಾದರೂ ಇರುವುದು ವಾಡಿಕೆ. ಅದು ಹಾಲಿನ ರುಚಿಯನ್ನು ನಟಿಸಲು ಹೋಗುವುದಿಲ್ಲ, ಅದಕ್ಕೇ ಗೆಲ್ಲುತ್ತದೆ. ಕೇಳಬೇಕಾದ್ದು ಎರಡು. ಒಂದು, ಅದು ವಾಟರ್ ಬೇಸೋ ಮಿಲ್ಕ್ ಬೇಸೋ? ಎರಡು, ಯಾವ ಬೇಸ್ ಪುಡಿ ಬಳಸುತ್ತೀರಿ, ಪ್ಯಾಕೆಟ್ ತೋರಿಸುತ್ತೀರಾ? ಸೋರ್ಬೆ ನುಣ್ಣಗಾಗಲೆಂದು ಬೆರೆಸುವ ಕೆಲವು ರೆಡಿಮೇಡ್ ಪುಡಿಗಳಲ್ಲಿ ಹಾಲಿನ ಅಂಶ ಇರುತ್ತದೆ, ಕೌಂಟರಿನವರಿಗೆ ಅದು ಗೊತ್ತಿರುವುದಿಲ್ಲ. ಸಕ್ಕರೆ ಜಾಸ್ತಿ ಎಂದು ದೂರುವವರಿಗೆ ಒಂದು ಮಾತು: ಒಳ್ಳೆಯ ಸೋರ್ಬೆಯಲ್ಲಿ ಒಟ್ಟು ಸಕ್ಕರೆ 25ರಿಂದ 30 ಶೇಕಡಾ ಇರಲೇಬೇಕು. ಸಕ್ಕರೆ ಸಿಹಿಗಷ್ಟೇ ಅಲ್ಲ, ನೀರು ಪೂರ್ತಿ ಕಲ್ಲಾಗದಂತೆ ತಡೆಯುವುದೂ ಅದೇ. ಕಡಿಮೆ ಮಾಡಿದರೆ ಐಸ್‌ಗಡ್ಡೆ, ಹೆಚ್ಚಾದರೆ ಬಟ್ಟಲಿನಲ್ಲಿ ನಿಲ್ಲದ ರಾಡಿ.

ಕಾಲ ನೋಡಿ ಕೇಳಿ. ಏಪ್ರಿಲ್‌ನಿಂದ ಜೂನ್‌ವರೆಗೆ ಬಾದಾಮಿ ಮಾವು, ರಸಪುರಿ ಮಾವು. ಎರಡರಲ್ಲಿ ರಸಪುರಿಯ ಸೋರ್ಬೆ ಹುಳಿಸಿಹಿ ಹದದಲ್ಲಿ ಒಂದು ತೂಕ ಮೇಲು. ಭೌಗೋಳಿಕ ಸೂಚಿ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತಿನ್ನುವಾಗ ಬೀಜ, ಸಿಪ್ಪೆ ಎಂದು ಮೂಗು ಮುರಿಯುವವರು ಅದರ ಸೋರ್ಬೆ ತಿನ್ನಬೇಕು. ಆ ಗಾಢ ಪರಿಮಳ ಚಳಿಯಲ್ಲೂ ಮಂಕಾಗುವುದಿಲ್ಲ. ಸಿಕ್ಕರೆ ಬಿಡಬೇಡಿ. ಪುನರ್ಪುಳಿ, ನೇರಳೆ ಇವೂ ಹಾಗೇ. ಕಲ್ಲಂಗಡಿ ಮಾತ್ರ ಬೇಡ, ಬರೀ ನೀರು.

ಸೋರ್ಬೆ ಸರಿಯಿದ್ದರೂ ಕೆಡಿಸುವುದು ಅದರ ಸುತ್ತಲಿನವು. ದೋಸೆಯಂತೆ ಸುತ್ತಿದ ವಾಫಲ್ ಕೋನ್‌ನಲ್ಲಿ ಬೆಣ್ಣೆ, ಹಾಲಿನ ಪುಡಿ, ಕೆಲವೊಮ್ಮೆ ಮೊಟ್ಟೆ ಇರುತ್ತದೆ, ಕಪ್ಪಿನಲ್ಲೇ ತೆಗೆದುಕೊಳ್ಳಿ. ಕ್ಯಾರಮೆಲ್ ಸಾಸ್ ಎಂದರೆ ಕೆನೆ. ಹೊಳೆಯುವ ಬಣ್ಣದ ಗುಂಡುಗಳ ಮೇಲೆ 904 ಸಂಖ್ಯೆಯ ಅರಗಿನ ಲೇಪ ಇರಬಹುದು, ಅದು ಕೀಟದ್ದು. ಚಮಚ ಅದ್ದುವ ನೀರಿನ ಡಬ್ಬದಲ್ಲಿ ಆಗಲೇ ಹತ್ತು ಬಗೆಯ ಹಾಲು ಬೆರೆತಿರುತ್ತದೆ, ಹೊಸ ಚಮಚ ಕೇಳಲು ಸಂಕೋಚ ಬೇಡ. ಹಾಲು ಬಳಸದ ಅಡುಗೆಮನೆಯೇ ಬೇಕೆಂದರೆ ಪೂರ್ಣ ವೀಗನ್ ಕೆಫೆಗೇ ಹೋಗಬೇಕು. ವೀಗನ್, ಸಸ್ಯಾಹಾರಿ ಹೋಟೆಲು ಹುಡುಕಿಕೊಡುವ ಹ್ಯಾಪಿಕೌ ಆ್ಯಪ್‌ನಲ್ಲಿ "ವೀಗನ್" ಎಂದು ಮಾತ್ರ ಸೋಸಿ ನೋಡಿ, ತೀರ ಈಚಿನ ವಿಮರ್ಶೆಯ ತಾರೀಖು ಗಮನಿಸಿ, ಹೊರಡುವ ಮುಂಚೆ ಫೋನ್ ಮಾಡಿ. ಈ ಊರಿನಲ್ಲಿ ವೀಗನ್ ಕೆಫೆಗಳು ತೆರೆದಷ್ಟೇ ಬೇಗ ಮುಚ್ಚುತ್ತವೆ.

ಬೀದಿಯ ಸರಕನ್ನು ಕೀಳು ಎಂದು ತಳ್ಳಬೇಡಿ. ಗಾಡಿಯ ಆರೆಂಜ್ ಐಸ್‌ಕ್ಯಾಂಡಿ, ಪ್ಲಾಸ್ಟಿಕ್ ಕೊಳವೆಯ ಪೆಪ್ಸಿ, ಉಪ್ಪು ಮಸಾಲೆ ಉದುರಿಸಿದ ಕಾಲಾಖಟ್ಟಾ ಗೋಲ ಸಾಮಾನ್ಯವಾಗಿ ನೀರು, ಸಕ್ಕರೆ, ಬಣ್ಣ ಅಷ್ಟೇ. ನೀರಿನ ಶುದ್ಧಿಯ ಚಿಂತೆ ಬೇರೆ ಮಾತು. ಮಲಾಯಿ ಗೋಲ, ಹಾಲಿನ ಕ್ಯಾಂಡಿ, ಕುಲ್ಫಿ ಬಿಡಿ. ಕಂಪನಿಗಳ ಕಡ್ಡಿ ಐಸ್ ಮೇಲೆ "ಐಸ್ ಲಾಲಿ" ಅಥವಾ "ಐಸ್ ಕ್ಯಾಂಡಿ" ಎಂಬ ವರ್ಗದ ಹೆಸರಿದ್ದರೆ ಆಸೆ ಇಟ್ಟುಕೊಳ್ಳಬಹುದು, ಅಲರ್ಜಿಯ ಸಾಲು ನೋಡಿ ಖಚಿತ ಮಾಡಿಕೊಳ್ಳಿ. ಮಾವಿನ ಹೊದಿಕೆಯೊಳಗೆ ಬಿಳಿ ತಿರುಳಿರುವ ಕಡ್ಡಿಯಲ್ಲಿ ಆ ಬಿಳಿಯೇ ಹಾಲು. ವಿವಿ ಪುರದ ತಿಂಡಿ ಬೀದಿಯಲ್ಲಿ ಗುಲ್ಕನ್ ತಿನ್ನುವವರು ಬೆಣ್ಣೆ, ಐಸ್‌ಕ್ರೀಮ್ ಎರಡೂ ಬೇಡವೆಂದು ಮೊದಲೇ ಹೇಳಿ, ಗುಲ್ಕನ್‌ಗೆ ಜೇನು ಹಾಕಿದ್ದಾರೆಯೇ ಎಂದೂ ಕೇಳಿ.

ಆಗಲ್ಲಪ್ಪ ಇಷ್ಟೆಲ್ಲ ವಿಚಾರಣೆ ಎನ್ನುವವರಿಗೆ ಮನೆಯ ದಾರಿ ಇದೆ. ಚೆನ್ನಾಗಿ ಕಳಿತ ಏಲಕ್ಕಿ ಬಾಳೆ ಎಂಟು, ಬಿಲ್ಲೆ ಹೆಚ್ಚಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ರಾತ್ರಿಯಿಡೀ ಫ್ರೀಜ್ ಮಾಡಿ. ಪಚ್ಚಬಾಳೆಯಲ್ಲಿ ನೀರು ಜಾಸ್ತಿ, ನುಣುಪು ಕಡಿಮೆ. ಮಿಕ್ಸಿಗೆ ಹಾಕುವ ಮುಂಚೆ ಐದು ನಿಮಿಷ ಹೊರಗಿಡಿ, ಎರಡು ಚಮಚ ದಪ್ಪ ತೆಂಗಿನ ಹಾಲು, ಚಿಟಿಕೆ ಉಪ್ಪು ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮೊದಲು ರವೆಯಂತಾಗುತ್ತದೆ, ಹೆದರಿ ನೀರು ಹಾಕಬೇಡಿ. ಬದಿ ಕೆರೆದು ಇನ್ನೂ ನಾಲ್ಕೈದು ಸಲ ತಿರುಗಿಸಿದರೆ ಒಮ್ಮೆಲೇ ಬೆಣ್ಣೆಯಂತೆ ಕೂಡಿಕೊಳ್ಳುತ್ತದೆ. ಒಂದೇ ಸಮನೆ ಓಡಿಸಿದರೆ ಮೋಟಾರ್ ಬಿಸಿಗೆ ಬಾಳೆ ಕರಗಿ ಜ್ಯೂಸ್ ಆಗುತ್ತದೆ.

ಹಲಸಿನ ಕಾಲದಲ್ಲಿ ದೊಡ್ಡಬಳ್ಳಾಪುರ ಕಡೆಯ ತೂಬಗೆರೆ ಹಣ್ಣು ಸಿಕ್ಕರೆ ಸ್ವಲ್ಪ ಶ್ರಮ ಪಡಬಹುದು. ಮೊದಲ ಸಲ ಹಿಂಡಿದ ತೆಂಗಿನ ಹಾಲು 400 ಮಿಲಿ, ಸಕ್ಕರೆ 90 ಗ್ರಾಂ, ಲಿಕ್ವಿಡ್ ಗ್ಲೂಕೋಸ್ ಎರಡು ಟೇಬಲ್ ಚಮಚ, ಕಾರ್ನ್‌ಫ್ಲೋರ್ ಒಂದು ಟೇಬಲ್ ಚಮಚ, ಚಿಟಿಕೆ ಉಪ್ಪು. ಕಾರ್ನ್‌ಫ್ಲೋರನ್ನು ತಣ್ಣನೆ ಹಾಲಿನಲ್ಲೇ ಕದಡಿ, ಉಳಿದದ್ದನ್ನೂ ಸೇರಿಸಿ, ಸಣ್ಣ ಉರಿಯಲ್ಲಿ ಸೌಟಿಗೆ ಅಂಟುವಷ್ಟು ಗಟ್ಟಿ ಮಾಡಿ. ಕೊತಕೊತ ಕುದಿಸಿದರೆ ಎಣ್ಣೆ ಬಿಡುತ್ತದೆ. ಆರಿದ ಮೇಲೆ 200 ಗ್ರಾಂ ಹಲಸಿನ ತೊಳೆ ರುಬ್ಬಿ ಬೆರೆಸಿ, ಆರು ಗಂಟೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಆಮೇಲೆ ಮತ್ತೊಮ್ಮೆ ಮಿಕ್ಸಿಗೆ ಹಾಕುವುದನ್ನು ಮರೆಯಬೇಡಿ. ತಣಿಯುವಾಗ ತೆಂಗಿನ ಕೊಬ್ಬು ಅಲ್ಲಲ್ಲಿ ಕಾಳು ಕಟ್ಟಿರುತ್ತದೆ, ಹಾಗೇ ಫ್ರೀಜ್ ಮಾಡಿದರೆ ಬಾಯಿಗೆ ಮೇಣದ ಚೂರು ಸಿಕ್ಕಂತೆ ಸಿಗುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಒಂದೂವರೆ ಗಂಟೆಯ ಬಳಿಕ ಅಂಚಿನಿಂದ ಕೆರೆದು ಕಡೆಯಿರಿ, ನಲವತ್ತು ನಿಮಿಷಕ್ಕೊಮ್ಮೆ ಇನ್ನೆರಡು ಸಲ. ಇಡುವ ಜಾಗ ಫ್ರೀಜರಿನ ಒಳಗೋಡೆಗೆ ಒತ್ತಿದಂತಿರಲಿ. ಬಾಗಿಲ ಬಳಿ ಇಟ್ಟರೆ ಪ್ರತಿ ಸಲ ತೆರೆದಾಗಲೂ ಬಿಸಿಗಾಳಿ ಹೊಡೆಯುತ್ತದೆ, ವಾರದೊಳಗೆ ಅಂಗಡಿಯ ಹಳೆಯ ಡಬ್ಬಿಯಂತೆ ಹರಳುಗಟ್ಟಿರುತ್ತದೆ.