ಕಾಲಿಗೆ ಕಟ್ಟಿದ್ದು ನಿಜವಾಗಿ ಚೈನ್‌ಸಾ ಕವಚವೇನಾ? ಮೊದಲು ಲೇಬಲ್ ನೋಡಿ

ಹುಲ್ಲು ಹೊಡೆಯೋ ಮಿಷನ್‌ಗೆ ಅಂತ ಮಾರುವ ಕಾಲುಕವಚವನ್ನು ದಯವಿಟ್ಟು ಚೈನ್‌ಸಾ (ಮರ ಕೊಯ್ಯೋ ಚೈನಿನ ಗರಗಸ) ಕೆಲಸಕ್ಕೆ ಕಟ್ಟಿಕೊಳ್ಳಬೇಡಿ. ನೋಡೋಕೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅಂಗಡಿಯವರೂ "ಎರಡಕ್ಕೂ ಆಗುತ್ತೆ" ಅಂತ ಕೊಟ್ಟುಬಿಡುತ್ತಾರೆ. ಆಗಲ್ಲ. ನಮ್ಮ ಚಿಕ್ಕಪ್ಪನ ಮಗ, ನನ್ನ ತಮ್ಮ, ಕಳೆದ ಬೇಸಿಗೆಯಲ್ಲಿ ಇದನ್ನೇ ನಂಬಿ ಎಡಗಾಲಿನ ತೊಡೆ ಕೊಯ್ಯಿಸಿಕೊಂಡ. ಈಗ ಓಡಾಡುತ್ತಾನೆ, ಆದರೆ ಮಂಡಿ ಪೂರ್ತಿ ಮಡಚೋಕೆ ಇವತ್ತಿಗೂ ಆಗಲ್ಲ. ಅವನ ಒಪ್ಪಿಗೆ ತಗೊಂಡೇ ಇದನ್ನು ಬರೀತಿದ್ದೇನೆ. "ಅಕ್ಕಾ, ಬರಿ, ಇನ್ನೊಬ್ಬ ಆದ್ರೂ ಉಳೀಲಿ" ಅಂದ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಡಿಕೆ ಬೇಯಿಸೋ ಮನೆಯವರಿಗೆ ಗೊತ್ತಿರುತ್ತೆ, ಮಳೆ ಹಿಡಿಯೋ ಮೊದಲು ಸೌದೆ ಕೊಟ್ಟಿಗೆ ತುಂಬದಿದ್ರೆ ಸುಗ್ಗಿ ಹೊತ್ತಿಗೆ ಒಲೆಗೆ ಹಸಿ ಸೌದೆ ತುರುಕಿ ಹೊಗೆಯಲ್ಲಿ ಸಾಯಬೇಕು. ಹಾಗಾಗಿ ಬೇಸಿಗೆಯಲ್ಲೇ ಮೇಲಿನ ಖುಷ್ಕಿ ಜಾಗದ ಅಕೇಶಿಯಾ ಕೊಯ್ಯಿಸುತ್ತೇವೆ. ನನ್ನ ತಮ್ಮ ಸ್ವಂತ ಮಿಷನ್ ಇಟ್ಟುಕೊಂಡು ಸುತ್ತಲಿನ ಊರುಗಳಲ್ಲಿ ಇದೇ ಕೆಲಸ ಮಾಡುವವನು. ಕೈ ಪಳಗಿದವನು. ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮರ ಕೊಯ್ಯುವವರ ನಡುವೆ ಹೆಲ್ಮೆಟ್, ಬೂಟು, ಕಾಲುಕವಚ ಎಲ್ಲ ದುಡ್ಡು ಕೊಟ್ಟು ತಂದಿಟ್ಟುಕೊಂಡವನು. ಅದಕ್ಕೇ ನನಗೆ ಇಷ್ಟು ಸಂಕಟ. ಎಚ್ಚರಿಕೆ ಇಲ್ಲದವನಿಗೆ ಆದದ್ದಲ್ಲ ಇದು. ಎಚ್ಚರಿಕೆಯಿಂದ ಇದ್ದವನಿಗೆ ಯಾರೋ ಹುಸಿ ಸಾಮಾನು ಮಾರಿದ್ದರಿಂದ ಆದದ್ದು.

ಮರ ಆಗಲೇ ಬಿದ್ದಾಗಿತ್ತು. ಮರ ಬಿದ್ದ ಕೂಡಲೇ ಅಪಾಯ ಕಳೀತು ಅಂತ ಎಲ್ಲರೂ ಉಸಿರು ಬಿಡುತ್ತಾರೆ, ಆದರೆ ಕೊಂಬೆ ಸವರುವಾಗ ಏಟಾಗೋದು ಬಹಳ. ಇಳಿಜಾರಿನಲ್ಲಿ ಬಿದ್ದ ಕಾಂಡದ ಭಾರಕ್ಕೆ ಕೆಳಗಿನ ಒಂದು ಕೊಂಬೆ ನೆಲಕ್ಕೆ ಒತ್ತಿ, ಬಾಗಿ, ಬಿಗಿದು ನಿಂತಿತ್ತು. ಅರ್ಧ ಕೊಯ್ಯುವಷ್ಟರಲ್ಲಿ ಅದು ಪಟ್ ಅಂತ ಸಿಡಿಯಿತು. ಮಿಷನ್ ಒಮ್ಮೆಲೇ ಕೆಳಗೆ ಜಾರಿತು, ಇನ್ನೂ ತಿರುಗುತ್ತಿದ್ದ ಚೈನು ಮಂಡಿಯ ಮೇಲ್ಗಡೆ ತೊಡೆಗೆ ತಾಗಿತು. ತಾಗಿದ್ದಷ್ಟೇ, ಒತ್ತಿದ್ದೂ ಇಲ್ಲ.

ಆ ಕಾಲುಕವಚ ಈಗಲೂ ನಮ್ಮನೆ ಜಗಲಿಯಲ್ಲಿದೆ. ಹೊರಗೆ ಕಪ್ಪು ರೆಕ್ಸಿನ್, ಒಳಗೆ ಬೆರಳು ದಪ್ಪದ ಫೋಮು, ಅದರ ಹಿಂದೆ ತೆಳ್ಳಗಿನ ಬಟ್ಟೆ, ಮುಗೀತು. ಕೊಯ್ದ ಜಾಗವನ್ನು ಹಿಗ್ಗಿಸಿ ನೋಡಿದ್ರೆ ಅಂಚು ನೇರವಾಗಿದೆ, ಒಂದು ಎಳೆಯೂ ಹೊರಗೆ ಬಂದಿಲ್ಲ. ಇದು ಹುಲ್ಲು ಹೊಡೆಯುವಾಗ ಸಿಡಿಯೋ ಕಲ್ಲು, ಕಡ್ಡಿ ತಡೆಯೋಕೆ ಮಾಡಿದ್ದು. ಆ ಕೆಲಸಕ್ಕೆ ಒಳ್ಳೇದೇ. ಚೈನಿಗೆ ಇದು ಬರೀ ಬಟ್ಟೆ.

ನಿಜವಾದ ಚೈನ್‌ಸಾ ಕವಚ ಕೆಲಸ ಮಾಡೋ ರೀತಿಯೇ ಬೇರೆ. ಅದು ಚೈನನ್ನು ಗಟ್ಟಿತನದಿಂದ ತಡೆಯಲ್ಲ. ಹೊರಬಟ್ಟೆ ಹರಿದ ಕೂಡಲೇ ಒಳಗೆ ಸಡಿಲವಾಗಿ ಪದರಪದರವಾಗಿ ಇಟ್ಟಿರೋ ಉದ್ದುದ್ದ ನೂಲಿನ ಎಳೆಗಳು ಚೈನಿನ ಹಲ್ಲಿಗೆ ಸಿಕ್ಕಿ ಹೊರಗೆ ಎಳೆದುಕೊಂಡು ಬರುತ್ತವೆ, ಚೈನಿನ ಜೊತೆ ಓಡಿ ಒಳಗಿನ ಹಲ್ಲಿನ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ, ಅಲ್ಲಿಗೆ ಚೈನ್ ಸಿಕ್ಕಿಬಿದ್ದು ನಿಲ್ಲುತ್ತೆ. ಕಣ್ಣು ಮಿಟುಕಿಸೋದರೊಳಗೆ. ಎಳೆ ಇಲ್ಲದ ಕವಚ ಎಷ್ಟು ದಪ್ಪ ಇದ್ರೂ ಚೈನ್ ನಿಲ್ಲಲ್ಲ.

ಗುರುತು ಹಿಡಿಯೋದು ಕಷ್ಟ ಅಲ್ಲ. ಅಸಲಿ ಕವಚದ ಮೇಲೆ ಒಂದು ಲೇಬಲ್ ಹೊಲಿದಿರುತ್ತಾರೆ. ಅದರಲ್ಲಿ ಚೈನ್‌ಸಾದ ಚಿಕ್ಕ ಚಿತ್ರ ಇರುತ್ತೆ, ಇಎನ್ ಐಎಸ್‌ಒ 11393 ಅಥವಾ ಸ್ವಲ್ಪ ಹಳೇದಾದ್ರೆ ಇಎನ್ 381 ಅನ್ನೋ ಗುಣಮಟ್ಟದ ನಂಬರ್ ಇರುತ್ತೆ, ಜೊತೆಗೆ ಕ್ಲಾಸು. ಕ್ಲಾಸ್ 1 ಅಂದ್ರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನಿಗೆ ಪರೀಕ್ಷೆ ಮಾಡಿದ್ದು, ಕ್ಲಾಸ್ 2 ಅಂದ್ರೆ 24, ಕ್ಲಾಸ್ 3 ಅಂದ್ರೆ 28. ಸೆಕೆಂಡಿಗೆ 20 ಮೀಟರ್ ಅಂದ್ರೆ ಗಂಟೆಗೆ 72 ಕಿಲೋಮೀಟರ್, ಅಂಥದ್ದು ಕಾಲಿಗೆ ತಾಗೋದು ಅಂದ್ರೆ ಏನು ಅಂತ ಯೋಚನೆ ಮಾಡಿ. ಚೈನು ಅದಕ್ಕಿಂತ ಜೋರಾಗಿ ಓಡ್ತಿದ್ರೆ ಪೂರ್ತಿ ತಡೆಯುತ್ತೆ ಅನ್ನೋ ಭರವಸೆ ಅಸಲಿ ಕವಚದಲ್ಲೂ ಇಲ್ಲ. ಬ್ಯಾಟರಿ, ಕರೆಂಟಿನ ಗರಗಸ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ಮೋಟರಿನ ಎಳೆತ ಜಾಸ್ತಿ ಇರೋದರಿಂದ ಎಳೆ ಸಿಕ್ಕಿದ್ರೂ ಚೈನ್ ನಿಲ್ಲದೆ ಹೋಗಬಹುದು. ಇಂಥ ಲೇಬಲ್ ಇಲ್ಲ ಅಂದ್ರೆ, ಅಂಗಡಿಯವನು ಎಷ್ಟೇ ಆಣೆ ಇಟ್ಟರೂ ತಗೋಬೇಡಿ. ಲೇಬಲ್ ಇರೋ ಅಸಲಿ ಕವಚದ ಹೊಲಿಗೆಯನ್ನು ಪರೀಕ್ಷೆಗೆ ಅಂತ ಬಿಚ್ಚಲೂ ಬೇಡಿ, ಒಂದು ಸಲ ಚೈನ್ ತಾಗಿ ಹರಿದ ಮೇಲೆ ಹೊಲಿದು ಮತ್ತೆ ಹಾಕಲೂ ಬೇಡಿ. ಎಳೆ ಒಮ್ಮೆ ಹೊರಗೆ ಬಂದ ಮೇಲೆ ಅದರ ಆಯಸ್ಸು ಮುಗೀತು. ಎಣ್ಣೆ, ಪೆಟ್ರೋಲು ಕುಡಿದು ಗಟ್ಟಿಯಾದ ಕವಚದಲ್ಲೂ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಸರಿಯಾಗಿ ಬಿಚ್ಚಿಕೊಳ್ಳಲ್ಲ.

ಇನ್ನೊಂದು ಗಾಯ ನಮಗೆ ಮಾಡಿದ್ದು ಫಸ್ಟ್ ಏಡ್ ಡಬ್ಬ. ಮಿಷನ್ ಜೊತೆ "ಸೇಫ್ಟಿ ಕಿಟ್" ಅಂತ ಬಂದ ಕೆಂಪು ಡಬ್ಬ ಅದು, ಮೇಲೆ ಬಿಳಿ ಪ್ಲಸ್ ಗುರುತು. ಕೆಳಗೆ ರಸ್ತೆಯಲ್ಲಿ ನಿಲ್ಲಿಸಿದ್ದ ಪಿಕಪ್‌ನಲ್ಲಿತ್ತು. ಕೆಲಸದ ಹುಡುಗ ಓಡಿ ತಂದು ಕೊಟ್ಟ. ತೆಗೆದು ನೋಡಿದ್ರೆ ಬೆರಳಿಗೆ ಅಂಟಿಸೋ ಪ್ಲಾಸ್ಟರು, ಸಣ್ಣ ಗಾಜ್ ಸುರುಳಿ, ಹತ್ತಿ, ಒಣಗಿಹೋದ ಟಿಂಚರ್ ಬಾಟಲಿ. ಚೈನಿನ ಗಾಯ ಕತ್ತಿಯ ಗಾಯದ ಥರ ಅಲ್ಲ. ಕತ್ತಿ ಸೀಳುತ್ತೆ, ಚೈನು ಅಗಲಕ್ಕೆ ಮಾಂಸ ಕಿತ್ತುಕೊಂಡು ಹೋಗುತ್ತೆ, ಅದರೊಳಗೆ ಮರದ ಪುಡಿ, ಚೈನ್ ಎಣ್ಣೆ, ಬಟ್ಟೆ ಚೂರು ಎಲ್ಲ ಸೇರಿಕೊಳ್ಳುತ್ತೆ. ಆಸ್ಪತ್ರೆಯಲ್ಲಿ ಡಾಕ್ಟ್ರು ಚಿಮಟ ಹಿಡಿದು ಫೋಮಿನ ಚೂರು ಒಂದೊಂದೇ ಆರಿಸುತ್ತಿದ್ದರು. ಅಂಥ ಗಾಯಕ್ಕೆ ಪ್ಲಾಸ್ಟರ್ ಏನು ಮಾಡುತ್ತೆ? ನನ್ನ ವೇಲನ್ನೇ ಮಡಚಿ ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ ಮೈಭಾರ ಹಾಕಿ ಒತ್ತಿ ಹಿಡಿದೆ, ನಿಧಾನಕ್ಕೆ ರಕ್ತ ಹತೋಟಿಗೆ ಬಂತು. ದೊಡ್ಡ ರಕ್ತನಾಳ ತುಂಡಾಗಿರಲಿಲ್ಲ. ಆಗಿದ್ದಿದ್ರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು.

ಡಬ್ಬದಲ್ಲಿ ಏನಿರಬೇಕು ಅಂದ್ರೆ: ದೊಡ್ಡ ದಪ್ಪ ಡ್ರೆಸ್ಸಿಂಗ್ ಪ್ಯಾಡು ಕೈತುಂಬ, ಬಿಗಿಯಾಗಿ ಒತ್ತಿ ಕಟ್ಟೋಕೆ ಅಗಲದ ಬ್ಯಾಂಡೇಜ್, ಪ್ಯಾಂಟು ಕತ್ತರಿಸೋಕೆ ಗಟ್ಟಿ ಕತ್ತರಿ, ಗ್ಲೌಸು, ರಕ್ತ ನಿಲ್ಲಿಸೋಕೆ ಕೈಕಾಲಿಗೆ ಬಿಗಿದು ಕಟ್ಟೋ ಒಂದು ಟೂರ್ನಿಕೆ ಪಟ್ಟಿ. ಒತ್ತಿ ಹಿಡಿದರೂ ರಕ್ತ ನಿಲ್ಲದೆ ಚಿಮ್ಮುತ್ತಿದ್ರೆ ಮಾತ್ರ ಆ ಪಟ್ಟಿ, ಗಾಯಕ್ಕಿಂತ ನಾಲ್ಕು ಬೆರಳಿನಷ್ಟು ಮೇಲೆ, ಮಂಡಿ ಅಥವಾ ಮೊಣಕೈ ಗಂಟಿನ ಮೇಲೆ ಅಲ್ಲ. ಕಟ್ಟಿದ ಟೈಮ್ ಬರೆದಿಡಬೇಕು, ಆಸ್ಪತ್ರೆವರೆಗೆ ಬಿಚ್ಚಬಾರದು. ತಂತಿ, ಸಣ್ಣ ಹಗ್ಗ ಕಟ್ಟಬೇಡಿ, ಚರ್ಮ ಕೊಯ್ಯುತ್ತೆ ಅಷ್ಟೇ, ರಕ್ತ ನಿಲ್ಲಲ್ಲ. ಇದನ್ನು ಕಟ್ಟೋಕೆ ತಂಡದಲ್ಲಿ ಒಬ್ಬರಾದ್ರೂ ಕಲಿತಿರಬೇಕು. ಮಿಷನ್ ಹಿಡಿದವನೊಬ್ಬನೇ ಕಲಿತರೆ ಪ್ರಯೋಜನ ಇಲ್ಲ, ಬೀಳುವವನೇ ಅವನು ಅಲ್ವಾ. ಆಮೇಲೆ ಆ ಡಬ್ಬ ಮರದ ಹತ್ತಿರವೇ ಇರಬೇಕು, ಗಾಡಿಯಲ್ಲಲ್ಲ.

108ಕ್ಕೆ ಫೋನ್ ಮಾಡೋಕೆ ಗುಡ್ಡದ ನೆತ್ತಿಗೆ ಹೋಗಬೇಕಾಯಿತು. ಮಲೆನಾಡಲ್ಲಿ ಇದು ಹೊಸದಲ್ಲ. ಸಿಗ್ನಲ್ ಎಲ್ಲಿ ಸಿಗುತ್ತೆ, ಆಂಬುಲೆನ್ಸ್ ಯಾವ ತಿರುವಿನವರೆಗೆ ಬರುತ್ತೆ, ಯಾರು ಅಲ್ಲಿಗೆ ಹೋಗಿ ನಿಲ್ಲಬೇಕು, ಇದಿಷ್ಟು ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಮಾತಾಡಿಕೊಳ್ಳಿ. ಮರ ಕೊಯ್ಯೋಕೆ ಒಬ್ಬರೇ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ.

ತಲೆ, ಕಿವಿ, ಕಣ್ಣಿನ ವಿಷಯ. ಬೈಕ್ ಹೆಲ್ಮೆಟ್ ಹಾಕ್ಕೊಂಡು ಮರ ಕೊಯ್ಯುವವರನ್ನು ನೋಡಿದ್ದೇನೆ. ಗಾಜಿಗೆ ಬೆವರಿನ ಹಬೆ ಕೂತು ಎದುರಿನ ಕೊಂಬೆಯೇ ಕಾಣಲ್ಲ. ಜಾಲರಿ ಮುಖಗವಚ ಮತ್ತು ಕಿವಿಮುಚ್ಚಳ ಸೇರಿಸಿದ ಹೆಲ್ಮೆಟ್ ಸಿಗುತ್ತೆ, ಅದೇ ಸರಿ. ಜಾಲರಿ ಸಣ್ಣ ಪುಡಿ ತಡೆಯಲ್ಲ, ಒಳಗೆ ಕನ್ನಡಕ ಬೇಕು. ಚೈನ್‌ಸಾ ಸದ್ದು ಹಿಡಿದವನ ಕಿವಿಗೆ 100 ಡೆಸಿಬೆಲ್ ದಾಟುತ್ತೆ. ನಮ್ಮ ಕಡೆ ಈ ಕೆಲಸದಲ್ಲೇ ವಯಸ್ಸಾದವರ ಹತ್ತಿರ ಮಾತಾಡಬೇಕಾದ್ರೆ ಕೂಗಲೇಬೇಕು, ಕಾರಣ ಇದೇ. ಆದರೆ ಕಿವಿ ಮುಚ್ಚಿದವನಿಗೆ ನಿಮ್ಮ ಕೂಗು ಕೇಳಲ್ಲ ಅನ್ನೋದೂ ನೆನಪಿರಲಿ. ಹಿಂದಿನಿಂದ ಹೋಗಿ ಭುಜ ಮುಟ್ಟಬೇಡಿ, ಎದುರಿಗೆ ಕಾಣುವ ಹಾಗೆ ದೂರ ನಿಂತು ಕೈ ಎತ್ತಿ, ಮಿಷನ್ ಆಫ್ ಆದ ಮೇಲೆ ಹತ್ತಿರ ಹೋಗಿ. ಇಂಬಳಕ್ಕೆ ಅಂತ ಹಾಕೋ ಸಾಮಾನ್ಯ ಗಂಬೂಟು ಚೈನ್ ತಡೆಯಲ್ಲ, ಇಳಿಜಾರಲ್ಲಿ ಕಾಲು ಜಾರದ ಹಾಗೆ ಒಳ್ಳೆ ಅಡಿ ಇರೋ, ಉಕ್ಕಿನ ಮೂತಿಯ ಬೂಟು ಬೇಕು.

ಮಿಷನ್ ಕಡೆಯ ಸಾಮಾನು ಕೆಲಸದವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಕಂಡದ್ದು ಹೇಳ್ತೀನಿ. ಅರ ಹಾಕಿ ಚೂಪು ಮಾಡಿದ ಇನ್ನೊಂದು ಚೈನ್ ಚೀಲದಲ್ಲಿ ಇರಲಿ. ಚಕ್ಕೆ ಚಕ್ಕೆಯಾಗಿ ಬೀಳ್ತಿದ್ದದ್ದು ಹಿಟ್ಟಿನಂಥ ಪುಡಿ ಆಯ್ತು ಅಂದ್ರೆ ಚೈನ್ ಮೊಂಡಾಗಿದೆ, ಆಗ ಮಿಷನ್ ಒತ್ತೋಕೆ ಶುರು ಮಾಡ್ತಾರೆ, ಕೈ ತಪ್ಪೋದು ಆವಾಗಲೇ. ಚೈನ್ ಬ್ರೇಕ್ ಹಿಡಿಯುತ್ತಾ ಅಂತ ಶುರುವಲ್ಲೇ ನೋಡಿ, ಎಕ್ಸಲರೇಟರ್ ಬಿಟ್ಟ ಮೇಲೂ ಚೈನ್ ಸುತ್ತುತ್ತಾ ಇದ್ರೆ ಆ ಮಿಷನ್ ಅವತ್ತು ಕೆಲಸಕ್ಕಿಲ್ಲ. ಬ್ಲೇಡಿನ ತುದಿಯ ಮೇಲ್ಭಾಗ ಯಾವುದಕ್ಕಾದ್ರೂ ತಾಗಿದ್ರೆ ಮಿಷನ್ ಮುಖಕ್ಕೇ ಎಗರುತ್ತೆ, ಆ ಕ್ಷಣಕ್ಕೆ ಕಾಪಾಡೋದು ಬ್ರೇಕ್ ಒಂದೇ. ಬೆಣೆ ಪ್ಲಾಸ್ಟಿಕ್ಕಿನದೋ ಗಟ್ಟಿ ಮರದ್ದೋ ಆಗಿರಲಿ, ಕಬ್ಬಿಣದ್ದು ಬೇಡ, ಚೈನ್ ತಾಗಿದ್ರೆ ಹಲ್ಲು ಮುರಿದು ಹಾರುತ್ತೆ. ಬ್ಲೇಡ್ ಸಿಕ್ಕಿಬಿದ್ರೆ ಬಿಡಿಸೋಕೆ ಕತ್ತಿ, ಕೊಡಲಿ ಜೊತೆಗಿರಲಿ.

ಪೆಟ್ರೋಲ್ ಮಿಶ್ರಣವನ್ನು ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಹೋಗೋ ಅಭ್ಯಾಸ ದಯವಿಟ್ಟು ಬಿಡಿ. ಬೇಸಿಗೆ ಬಿಸಿಲಲ್ಲಿ ಬಾಯಾರಿದ ಯಾರಾದ್ರೂ ಬಾಟಲಿ ಎತ್ತಿ ಕುಡಿದುಬಿಟ್ಟರೆ? ಬೇರೆ ಬಣ್ಣದ ಕ್ಯಾನು, ಮೇಲೆ ದೊಡ್ಡದಾಗಿ ಬರೆದು, ನೀರಿನ ಪಕ್ಕ ಇಡದೆ. ಮಿಷನ್ ತಣ್ಣಗಾದ ಮೇಲೆ ತುಂಬಿ, ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಬಂದು ಸ್ಟಾರ್ಟ್ ಮಾಡಿ, ಒಣ ತರಗೆಲೆಗೆ ಒಂದು ಕಿಡಿ ಸಾಕು. ಕಾಡಿನ ಅಂಚಲ್ಲಿ ಬೇಸಿಗೆ ಕೆಲಸ ಅಂದ್ರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಉಣುಗಿನಿಂದ ಹರಡೋ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ, ಇವತ್ತಿಗೂ ಹೋಗಿಲ್ಲ. ಸ್ವಂತ ಜಾಗದ ಮರವಾದ್ರೂ ಜಾತಿ ನೋಡಿಕೊಂಡು ಅರಣ್ಯ ಇಲಾಖೆ ಅನುಮತಿ ಬೇಕಾಗುತ್ತೆ, ಆ ಕಾಗದದ ಜೆರಾಕ್ಸ್ ಚೀಲದಲ್ಲಿರಲಿ.

ಇದೆಲ್ಲವನ್ನೂ ಹಿಂದಿನ ರಾತ್ರಿಯೇ ಜಗಲಿ ಮೇಲೆ ಸುರಿದು ಒಂದೊಂದೇ ಕೈಯಲ್ಲಿ ಹಿಡಿದು ನೋಡಿ ತುಂಬಬೇಕು. ಬೆಳಿಗ್ಗೆ ಗಾಡಿ ಹಾರ್ನ್ ಹೊಡೆಯುವಾಗ ತುಂಬಿದ್ರೆ ಇದೆ ಅಂದ್ಕೊಂಡದ್ದು ಇರಲ್ಲ.

ಅಂಗಡಿಗೆ ತಮ್ಮನ ಜೊತೆ ನಾನೂ ಹೋಗಿದ್ದೆ, ಆಸ್ಪತ್ರೆಯಿಂದ ಬಂದ ಮೇಲೆ. ಹರಿದ ಕವಚವನ್ನು ಕೌಂಟರ್ ಮೇಲಿಟ್ಟು ಕೇಳಿದ್ದಕ್ಕೆ "ಕಂಪನಿಯಿಂದ ಹೀಗೇ ಬರುತ್ತೆ ಮೇಡಂ" ಅಂದರು. ಬಿಲ್ಲಿನಲ್ಲಿ "ಸೇಫ್ಟಿ ಪ್ಯಾಡ್" ಅಂತಷ್ಟೇ ಇದೆ, ಯಾವ ಕೆಲಸಕ್ಕೆ ಅಂತ ಬರೆದಿಲ್ಲ. ಹಾಗಾಗಿ ನೀವು ತಗೊಳ್ಳುವಾಗ ಬಿಲ್ಲಿನಲ್ಲಿ "ಚೈನ್‌ಸಾ ಕಾಲುಕವಚ" ಅಂತ, ಕ್ಲಾಸಿನ ಸಮೇತ ಬರೆಸಿಕೊಳ್ಳಿ. ಬರೆದುಕೊಡೋಕೆ ಹಿಂದೆಮುಂದೆ ನೋಡಿದ್ರೆ ಉತ್ತರ ಸಿಕ್ಕಿತು ಅಂತಲೇ ಅರ್ಥ.

ಈಗ ನಾವೇ ಒಂದು ಅಸಲಿ ಕವಚ ತರಿಸಿ ಮನೆಯಲ್ಲಿಟ್ಟಿದ್ದೇವೆ, ಯಾರು ನಮ್ಮಲ್ಲಿ ಮರ ಕೊಯ್ಯೋಕೆ ಬಂದರೂ ಅದನ್ನು ಕಟ್ಟಿಕೊಂಡೇ ಶುರು. ಬೆಲೆ ಕೆಲವು ಸಾವಿರ ಆಗುತ್ತೆ, ಒಬ್ಬ ಕೂಲಿಯವನಿಗೆ ಅದು ಭಾರ, ತೋಟದವರು ತೆಗೆದುಕೊಡಬೇಕಾದದ್ದು ಅಂತ ನನಗೆ ಅನಿಸುತ್ತೆ. "ಸೆಕೆ ಆಗುತ್ತೆ ಅಕ್ಕಾ" ಅಂತಾರೆ. ಆಗುತ್ತೆ, ಹೌದು, ನಡುನಡುವೆ ಬಿಚ್ಚಿ ನೆರಳಲ್ಲಿ ಕೂತು ನೀರು ಕುಡಿಯಲಿ, ಕೆಲಸ ಒಂದು ಗಂಟೆ ತಡ ಆದ್ರೆ ಆಗಲಿ. ಇನ್ನೊಂದು, ಕವಚದಲ್ಲಿ ಎ ಟೈಪ್ ಅಂದ್ರೆ ಕಾಲಿನ ಮುಂಭಾಗಕ್ಕೆ ಮಾತ್ರ, ಸಿ ಟೈಪ್ ಸುತ್ತಲೂ. ಎ ಟೈಪಾದ್ರೆ ಹಿಂದಿನ ಬಕಲ್‌ಗಳನ್ನು ಎಲ್ಲವನ್ನೂ ಹಾಕಬೇಕು. ಸೊಂಟದ್ದೊಂದು ಹಾಕಿ ಕೆಳಗಿನದ್ದು ಬಿಟ್ಟರೆ ಚೈನ್ ತಾಗಿದ ಕೂಡಲೇ ಕವಚ ಪಕ್ಕಕ್ಕೆ ತಿರುಗಿ ಕಾಲು ಬರಿದಾಗಿಬಿಡುತ್ತೆ.