ಟಿವಿನಾ, ಫೋನಾ, ಪ್ರೊಜೆಕ್ಟರಾ?

ಟೊಮೆಟೊ ರೋಗ, ಕೆರೆ ಹೂಳು, ಇವೆರಡನ್ನೂ ರೈತರಿಗೆ ಯಾವುದರಲ್ಲಿ ತೋರಿಸೋಣ ಅಂತ ಮುಳಬಾಗಿಲು ಕಡೆಯ ಸಂಘದವರು ಕೇಳಿದ್ದರು.

ಖರ್ಚಿಲ್ಲದ್ದು ಟಿವಿ. ದೂರದರ್ಶನದಲ್ಲಿ ಕೃಷಿ ಕಾರ್ಯಕ್ರಮ 1967ರಿಂದಲೂ ಇದೆ. ಆದರೆ ನಿಮ್ಮ ಗಿಡದ ಎಲೆ ಮುದುರಿದ ದಿನ ಅದರಲ್ಲಿ ತೆಂಗು ಬರುತ್ತಿರಬಹುದು!

ಫೋನ್ ವಿಡಿಯೊ ಬೇಕೆಂದಾಗ ಸಿಗುತ್ತದೆ. ನಿಲ್ಲಿಸಿ, ಎಲೆಯಡಿ ಕೂತ ಬಿಳಿನೊಣವನ್ನು ದೊಡ್ಡದು ಮಾಡಿ ನೋಡಬಹುದು. ಎಲೆ ಮುದುರು ವೈರಸ್ ಹರಡುವುದೇ ಅದು. ಸುಮ್ನೆ ಔಷಧಿ ಮಾರುವ ವಿಡಿಯೊಗಳೂ ಜಾಸ್ತಿ, ಯಾರು ಮಾಡಿದ್ದು ಅಂತ ನೋಡಿಕೊಳ್ಳಿ.

ಪ್ರೊಜೆಕ್ಟರಿಗೆ ದುಡ್ಡು, ಕರೆಂಟು, ಕತ್ತಲು ಮೂರೂ ಬೇಕು. ಆದರೂ ಕೆರೆಯಂಥ ಊರೊಟ್ಟಿನ ವಿಷಯಕ್ಕೆ ನನಗೆ ಅದೇ ಇಷ್ಟ. ಎಲ್ಲರೂ ಒಟ್ಟಿಗೆ ನೋಡುವಾಗ ವಿಡಿಯೊ ಅರ್ಧಕ್ಕೆ ನಿಲ್ಲಿಸಿದರೆ ಹೂಳಿನ ಬಗ್ಗೆ ಜಗಳ ಶುರು. ಆ ಚರ್ಚೆಯೇ ಪಾಠ, ಅಲ್ವಾ?

ಒಬ್ಬರ ತೋಟದ ರೋಗಕ್ಕೆ ಫೋನ್ ಸಾಕು. ಫೋನಿಲ್ಲದವರು ಹೆಚ್ಚಿದ್ದರೆ, ಟಿವಿ ಕಾರ್ಯಕ್ರಮದ ಸಮಯ ಬರೆದು ಹಾಲಿನ ಡೇರಿ ಗೋಡೆಗೆ ಅಂಟಿಸಿ.